ಸೋದರಿ ನಗರಕ್ಕೆ ಸೋಮವಾರದ ಮಳೆ ಲೆಕ್ಕ

ಹೋದ ವರ್ಷ ಮಾರ್ಚಿನಲ್ಲಿ, ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ ನಡೆದ ಸಂಗತಿ ಇದು. ಆಗ ನಾನು ಉತ್ತರ ಕೊಡಗಿನ ನಮ್ಮ ಸಣ್ಣ ಪಟ್ಟಣದ ಪಂಚಾಯಿತಿ ಕಚೇರಿಯಲ್ಲಿ ಗುತ್ತಿಗೆ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಈಗಲೂ ಅದೇ. ಬಡ್ತಿ ಸಿಕ್ಕಿರಬಹುದು ಅಂದುಕೊಳ್ಳಬೇಡಿ.

ಊರಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಟೇಪು’ ಅನ್ನುತ್ತಾರೆ. ಯಾರ ಧ್ವನಿಯಾದರೂ ಎರಡು ಸಲ ಕಿವಿಗೆ ಬಿದ್ದರೆ ಸಾಕು, ಆಮೇಲೆ ಅದು ನನ್ನ ಗಂಟಲಿನಲ್ಲೇ ಸಂಸಾರ ಹೂಡುತ್ತದೆ. ಒಮ್ಮೆ ಸೋಮವಾರಪೇಟೆ ಬಸ್ಸಿನ ಹಿಂದಿನ ಸೀಟಿನಿಂದ ಕಂಡಕ್ಟರ್ ಧ್ವನಿಯಲ್ಲಿ ‘ರೈಟ್’ ಅಂದುಬಿಟ್ಟೆ. ಕಂಡಕ್ಟರನ್ನು ಸ್ಟಾಪಿನಲ್ಲೇ ಬಿಟ್ಟು ಬಸ್ಸು ಹೊರಟಿತು. ಮದುವೆಗಳಿಗೆ ಕರೆದು ಮಿಮಿಕ್ರಿ ಮಾಡಿಸುತ್ತಾರೆ, ಆದರೆ ಊಟಕ್ಕೆ ನನ್ನ ಪಕ್ಕದ ಎಲೆಗೆ ಯಾರೂ ಕೂರುವುದಿಲ್ಲ. ತಾವು ಸಾರು ಸುರಿಯುವ ಸದ್ದನ್ನು ಮುಂದಿನ ಮದುವೆಯಲ್ಲಿ ಕೇಳಬೇಕಾದೀತು ಅನ್ನುವ ಭಯ.

ನನ್ನ ಐಟಂಗಳಲ್ಲಿ ಹೆಚ್ಚು ಚಪ್ಪಾಳೆ ಬೀಳುವುದು ಬಸಪ್ಪಣ್ಣನಿಗೆ. ಅವರು ಕಾಫಿ, ಮೆಣಸು ಬೆಳೆಯುವವರು, ನಮ್ಮ ಪಂಚಾಯಿತಿಯ ಅಧ್ಯಕ್ಷರಾಗಿದ್ದವರು. ಮಾತಿಗೆ ಮುಂಚೆ ಒಂದು ಅರ್ಧ ಕೆಮ್ಮು, ಮಾತು ಮುಗಿದ ಮೇಲೆ ‘ಹೌದೋ ಅಲ್ವೋ’. ಇವೆರಡು ಸಿಕ್ಕಿದರೆ ಬಸಪ್ಪಣ್ಣ ಸಿಕ್ಕಿದ ಹಾಗೆ.

ಅವರು ಅಧ್ಯಕ್ಷರಾಗಿದ್ದಾಗಲೇ ನಮ್ಮೂರಿಗೆ ಒಂದು ಸೋದರಿ ನಗರ, ಅಂದರೆ ಒಪ್ಪಂದ ಮಾಡಿಕೊಂಡು ನಂಟು ಬೆಳೆಸುವ ಪರದೇಶದ ಊರು, ಸಿಕ್ಕಿದ್ದು. ಕೊಲಂಬಿಯಾ ದೇಶದ ಗುಡ್ಡದ ಮೇಲಿನ ಊರು, ಅಲ್ಲೂ ಕಾಫಿ. ಆ ಊರಿನ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ನೆಟ್ಟಗೆ ಹೊರಡುವುದಿಲ್ಲ, ಮಿಮಿಕ್ರಿಯವನು ಅಂತ ಹೇಳಿಕೊಳ್ಳಲು ನಾಚಿಕೆ. ಅಲ್ಲಿಂದ ಜನ ಬಂದರು, ಶಾಲು ಹೊದಿಸಿದೆವು, ಏಲಕ್ಕಿ ಹಾರ ಹಾಕಿದೆವು, ಊರ ಬಾಗಿಲಿನಲ್ಲಿ ಎರಡು ಬಾವುಟಗಳ ಬೋರ್ಡು ನಿಲ್ಲಿಸಿದೆವು. ಒಪ್ಪಂದದಲ್ಲಿ ಕೆಲಸಕ್ಕೆ ಬರುವ ಮಾತು ಒಂದೇ ಇತ್ತು. ಒಂದು ಊರಿನ ಯುವಕ ಅಥವಾ ಯುವತಿ ಇನ್ನೊಂದು ಊರಿಗೆ ಹೋಗಿ ಒಂದು ಕಾಫಿ ಕೊಯ್ಲಿನ ಸೀಸನ್ ಪೂರ್ತಿ ಕೆಲಸ ಕಲಿಯಬೇಕು. ಮೊದಲಿಗೆ ಆಯ್ಕೆಯಾದವಳು ಪವಿತ್ರ.

ಪವಿತ್ರ ನನ್ನ ಸಹಪಾಠಿ. ಅವರ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜೋಳ, ಶುಂಠಿ ಹಾಕಿಕೊಂಡು ನೆಲೆ ನಿಂತವರು. ಅವಳಿಗೆ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ಬೀಜ ಸುಲಿದು ಹದ ಮಾಡುವ ಕಾರ್ಖಾನೆಯಲ್ಲಿ, ಕೆಲಸ. ಅಲ್ಲಿ ಹೆಂಗಸರೆಂದರೆ ಸಾಲಾಗಿ ಕೂತು ಬೀಜ ಆರಿಸುವವರು. ರುಚಿ ನೋಡುವ ಮೇಜಿಗೆ ಕೂತ ಮೊದಲನೆಯ ಹುಡುಗಿ ಇವಳು, ಅದೂ ಸಹಾಯಕಿಯಾಗಿ. ಕೊಲಂಬಿಯಾಗೆ ಹೋಗಿ ಕಲಿತು ಬಂದರೆ ಆ ಮೇಜು ನಿನ್ನದೇ ಅಂತ ಮಾಲೀಕರು ಮಾತು ಕೊಟ್ಟಿದ್ದರು.

ಅಷ್ಟರಲ್ಲಿ ಬಸಪ್ಪಣ್ಣನ ಅವಧಿ ಮುಗಿಯಿತು. ಮುಂದಿನ ಅಧ್ಯಕ್ಷ ಸ್ಥಾನ ಯಾರಿಗೆ ಮೀಸಲು ಅನ್ನುವುದು ಕೋರ್ಟಿಗೆ ಹೋಯಿತು. ಸರ್ಕಾರದಿಂದ ಒಬ್ಬ ಆಡಳಿತಾಧಿಕಾರಿ ಬಂದು ಕೂತರು. ಒಳ್ಳೆಯವರೇ, ಆದರೆ ಅವರ ತಲೆ ತುಂಬ ನಲ್ಲಿ ನೀರು ಮತ್ತು ಕಸದ ಗಾಡಿ. ಬಾವುಟದ ಬೋರ್ಡಿನ ಮೇಲೆ ಯಾರದ್ದೋ ಹುಟ್ಟುಹಬ್ಬದ ಫ್ಲೆಕ್ಸು ಬಂತು. ಮಾಜಿಯಾದ ಬಸಪ್ಪಣ್ಣ ಸಿಟ್ಟಿನಿಂದ ಕಚೇರಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು.

ಕಚೇರಿಯ ಮೊಬೈಲಿಗೆ ಮಾತ್ರ ಪ್ರತಿ ಸೋಮವಾರ ಕೊಲಂಬಿಯಾದಿಂದ ಧ್ವನಿ ಸಂದೇಶ ಬರುತ್ತಲೇ ಇತ್ತು. ಅಲ್ಲಿನ ಪುರಸಭೆಯಲ್ಲಿ ಮಾರ್ತಾ ಅನ್ನುವ ಹೆಂಗಸು ಇದ್ದರು. ಸೋದರಿ ನಗರಗಳ ಕೆಲಸ ಬಿಟ್ಟರೆ ಅವರಿಗೆ ಬೇರೆ ಕೆಲಸವೇ ಇಲ್ಲ. ನಮ್ಮ ಹಾಗೆಯೇ ಮುರಿದ ಇಂಗ್ಲಿಷಿನಲ್ಲಿ, ‘ಬ್ರದರ್ ಬಸಪ್ಪ, ಹೇಗಿದ್ದೀರಿ, ಯಾಕೆ ಮಾತಿಲ್ಲ?’ ಅನ್ನುತ್ತಿದ್ದರು. ಉತ್ತರ ಕೊಡಿ ಅಂತ ಯಾರಿಗೆ ಹೇಳುವುದು? ಆ ಕೆಲಸ ಯಾರ ಮೇಜಿನದ್ದೂ ಅಲ್ಲ.

ಒಂದು ದಿನ ಪವಿತ್ರ ಬಂದು ನನ್ನ ಎದುರು ಕೂತಳು. ‘ಹೋಗೋ ವಿಷ್ಯಕ್ಕೆ ಎಷ್ಟು ಸಲ ಅಲೀಲೋ ನಾನು? ಏನಾದ್ರೂ ಒಂದು ಉತ್ತರ ಹಾಕು ಅವರಿಗೆ.’

‘ನಾನ್ಯಾರೇ ಹಾಕೋಕೆ? ಅವರಿಗೆ ಬೇಕಾಗಿರೋದು ಬಸಪ್ಪಣ್ಣ.’

‘ಮತ್ತೆ ಅವರೇ ಆಗು. ದಿನಾ ಆಗ್ತೀಯಲ್ಲ.’

ಅವಳನ್ನು ನಗಿಸೋಣ ಅಂತಲೇ ಅರ್ಧ ಕೆಮ್ಮು ಕೆಮ್ಮಿ ಶುರು ಮಾಡಿದೆ. ‘ಗುಡ್ ಮಾರ್ನಿಂಗ್ ಸಿಸ್ಟರ್ ಮಾರ್ತಾ, ಬಸಪ್ಪ ಸ್ಪೀಕಿಂಗ್...’ ಇಷ್ಟು ದೂರದ ಹೆಂಗಸಿಗೆ ಏನು ಹೇಳುವುದು?

‘ನಮ್ಮೋರು ಫೋನ್ ಎತ್ತಿದ ತಕ್ಷಣ ಏನ್ ಕೇಳ್ತಾರೆ, ಅದನ್ನೇ ಕೇಳೋ,’ ಅಂದಳು ಪವಿತ್ರ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಫೋನಿನಲ್ಲಿ ಆರೋಗ್ಯ ವಿಚಾರಿಸುವುದಿಲ್ಲ, ‘ಮಳೆ ಎಷ್ಟು?’ ಅಂತ ವಿಚಾರಿಸುತ್ತೇವೆ. ಇಂಚು, ಅದರ ನೂರನೇ ಪಾಲು ಸೆಂಟು. ಆಸ್ಪತ್ರೆಯಲ್ಲಿ ಮಲಗಿದವರೂ ‘ನಿಮ್ಮ ತೋಟಕ್ಕೆ ಎಷ್ಟು ಸೆಂಟು?’ ಅಂತಲೇ ಮೊದಲು ಕೇಳುತ್ತಾರೆ. ನಾನೂ ಕೇಳಿದೆ. ಕಳಿಸಿಯೂ ಬಿಟ್ಟೆ.

ಉತ್ತರದಲ್ಲಿ ಮಾರ್ತಾರ ಧ್ವನಿ ಕುಣಿಯುತ್ತಿತ್ತು. ಇಷ್ಟು ದಿನದಲ್ಲಿ ನಮ್ಮನ್ನು ಈ ಪ್ರಶ್ನೆ ಕೇಳಿದವರು ನೀವೇ ಮೊದಲು ಬ್ರದರ್ ಅಂದರು. ರೈತರನ್ನು ಕೇಳಿ ನಲವತ್ತು ಮಿಲಿಮೀಟರ್ ಅಂತ ತಿಳಿಸಿದ್ದರು. ನಾನು ಮಹಾಬುದ್ಧಿವಂತ, ಅದನ್ನು ನಲವತ್ತು ಇಂಚು ಅಂತ ಹೋಟೆಲಿನಲ್ಲಿ ಹೇಳಿಬಿಟ್ಟೆ. ಇಡೀ ಬೆಳಿಗ್ಗೆ ನಮ್ಮವರು ಆ ಊರಿಗಾಗಿ ಮರುಗಿದರು. ‘ಕೊಚ್ಕೊಂಡೇ ಹೋಗಿರ್ತಾರೆ ಪಾಪ’ ಅಂತ ಒಬ್ಬರು ಎರಡನೇ ದೋಸೆ ಬೇಡ ಅಂದರು.

ಹಾಗೆ ಶುರುವಾದದ್ದು ನಿಲ್ಲಲೇ ಇಲ್ಲ. ಸೋಮವಾರ ಬಂತೆಂದರೆ ಅರ್ಧ ಕೆಮ್ಮು, ಮಳೆ ಲೆಕ್ಕ, ಒಂದು ಪ್ರಶ್ನೆ. ಮರಕ್ಕೆ ಮೆಣಸು ಹಬ್ಬಿಸುವುದು ಹೇಗೆ ಅಂತ ಅವರು ಕೇಳಿದರೆ ನಾನು ಸಂತೆಯಲ್ಲಿ ನಾಲ್ಕು ಜನರನ್ನು ವಿಚಾರಿಸಿ ಹೇಳುತ್ತಿದ್ದೆ. ಕಣದಲ್ಲಿ ಕಾಫಿ ಹರಡಿದಾಗ ಮಳೆ ಬಂದರೆ ನೀವೇನು ಮಾಡುತ್ತೀರಿ ಅಂತ ನಾನು ಕೇಳಿದೆ. ಅವರು ಒಂದು ವೀಡಿಯೋ ಕಳಿಸಿದರು. ಕಣದ ಎರಡು ಕಡೆ ಕಂಬಿ, ಕಂಬಿಯ ಮೇಲೆ ಚಕ್ರವಿರುವ ತಗಡಿನ ಮಾಡು, ಸರಿಯುವ ಸೂರು. ಮೋಡ ಕಂಡರೆ ಒಬ್ಬರೇ ತಳ್ಳಿ ಮುಚ್ಚಬಹುದು. ನಾನು ಅದನ್ನು ವೆಲ್ಡಿಂಗ್ ಅಂಗಡಿಯಲ್ಲಿ ತೋರಿಸಿದೆ. ಅಲ್ಲಿಂದ ಸುದ್ದಿ ಹಬ್ಬಿ, ಮೊಟ್ಟಮೊದಲು ಅದನ್ನು ಮಾಡಿಸಿದವರು ಯಾರು ಗೊತ್ತೇ? ಬಸಪ್ಪಣ್ಣ. ‘ನನ್ನದೇ ಐಡಿಯಾ, ಹೌದೋ ಅಲ್ವೋ’ ಅಂತ ಕಂಡಕಂಡವರಿಗೆ ಹೇಳಿದರು. ಒಂದು ಲೆಕ್ಕಕ್ಕೆ ಅದು ನಿಜವೇ, ಪ್ರಶ್ನೆ ಕೇಳಿದ್ದು ಅವರದ್ದೇ ಧ್ವನಿ.

ಆಮೇಲೆ ಮಾರ್ತಾರ ಸಂದೇಶ ಬಂತು. ಒಪ್ಪಂದದ ಅವಧಿ ಮುಗಿಯುತ್ತಿದೆ, ನವೀಕರಿಸಲು ನಾವೇ ಬರುತ್ತೇವೆ, ಪವಿತ್ರಾಳ ಕಾಗದಪತ್ರ ತರುತ್ತೇವೆ, ಬ್ರದರ್ ಬಸಪ್ಪನ ಮನೆಯಲ್ಲೇ ಭೇಟಿಯಾಗೋಣ.

ಫೋನು ಹಿಡಿದು ಒಳಗಿನ ಕೋಣೆಗೆ ಹೋಗಿ ಸಂದೇಶ ಕೇಳಿಸಿದೆ. ಆಡಳಿತಾಧಿಕಾರಿ ಸ್ಪಷ್ಟವಾಗಿ ಹೇಳಿದರು. ‘ನಡೆಯುತ್ತಿರುವ ಸಂಬಂಧ ಅಂತ ಕಂಡರೆ ಸಹಿ ಹಾಕ್ತೀನಿ. ಬರೀ ಶಾಲಿನ ಸಂಬಂಧ ಆಗಿದ್ರೆ ಫೈಲ್ ಮುಚ್ತೀನಿ.’ ಫೈಲ್ ಮುಚ್ಚಿದರೆ ಪವಿತ್ರಾಳ ಪ್ರಯಾಣವೂ ಮುಚ್ಚಿದ ಹಾಗೆ.

ಅತಿಥಿಗಳು ಬರುವ ದಿನ ಬೆಳಿಗ್ಗೆ, ಅವರು ತಲುಪುವ ಮೊದಲೇ ಎಲ್ಲ ಹೇಳಿಬಿಡೋಣ ಅಂತ ಬಸಪ್ಪಣ್ಣನ ಮನೆಗೆ ಓಡಿದೆ. ಕೊಲಂಬಿಯಾದವರು ಬರುವ ಸುದ್ದಿ ಮಾತ್ರ ಕಚೇರಿಯಿಂದ ಬಸಪ್ಪಣ್ಣನಿಗೆ ಹೋಗಿತ್ತು. ಹಿಂದಿನ ರಾತ್ರಿ ಮಳೆಯಾಗಿತ್ತು. ಅವರು ಅಂಗಳದಲ್ಲಿ ಮಳೆ ಅಳೆಯುವ ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದರು.

‘ಅಣ್ಣಾ, ಒಂದು ಮಾತು ಹೇಳ್ಬೇಕಿತ್ತು.’

‘ಸುಮ್ನಿರ್ಲಾ ಟೇಪು, ನೀರು ಅಲುಗಾಡ್ತದೆ!’

ನೀರು ನಿಲ್ಲುವಷ್ಟರಲ್ಲಿ ಗೇಟಿನ ಹತ್ತಿರ ಜೀಪು ನಿಂತಿತು. ಮಾರ್ತಾ, ಇಬ್ಬರು ಕೊಲಂಬಿಯಾ ರೈತರು, ಆಡಳಿತಾಧಿಕಾರಿ, ಹಿಂದೆ ಪ್ಲಾಸ್ಟಿಕ್ ಕವರ್ ಅವಚಿಕೊಂಡ ಪವಿತ್ರ. ನಮ್ಮ ಕಚೇರಿಯ ಜೀಪು ಯಾವತ್ತೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಅವತ್ತು ಮೊದಲೇ ಬಂದುಬಿಟ್ಟಿತ್ತು.

ಮಾರ್ತಾ ಎರಡೂ ಕೈ ಚಾಚಿಕೊಂಡು ಬಂದರು. ‘ಬ್ರದರ್ ಬಸಪ್ಪ! ಮಳೆ ಎಷ್ಟು?’

ಬಸಪ್ಪಣ್ಣ ಬೆಚ್ಚಿದರೂ ಆ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಅವರ ಜಾಯಮಾನದಲ್ಲೇ ಇಲ್ಲ. ಅರ್ಧ ಕೆಮ್ಮು ಕೆಮ್ಮಿ, ‘ತೊಂಬತ್ತು ಸೆಂಟು!’ ಅಂದರು. ಕೊಲಂಬಿಯಾದವರು ಚಪ್ಪಾಳೆ ತಟ್ಟಿದರು. ಬಚಾವಾದೆ ಅಂದುಕೊಂಡೆ.

ಅಷ್ಟರಲ್ಲಿ ಮಾರ್ತಾ ಕಣದ ಕಡೆ ನೋಡಿ ನಿಂತರು. ತಗಡಿನ ಮಾಡಿನ ಕೆಳಗೆ ಮೆಣಸು ಒಣಗುತ್ತಿತ್ತು, ಒಂದು ಕಾಳೂ ನೆನೆದಿರಲಿಲ್ಲ. ‘ನೀವು ಸೋಮವಾರ ಕೇಳಿದಿರಲ್ಲ, ಅದೇ ತಗಡಿನ ಮಾಡು! ಕಟ್ಟಿಸಿದ್ದೀರಿ!’

‘ಯಾವ ಸೋಮವಾರ?’ ಅಂದರು ಬಸಪ್ಪಣ್ಣ.

ಆಡಳಿತಾಧಿಕಾರಿ ತಿರುಗಿ ನೋಡಿದರು. ‘ಪ್ರತಿ ವಾರ ಇವರ ಜೊತೆ ಮಾತಾಡ್ತಿದ್ದೋರು ನೀವಲ್ವಾ?’

‘ನಾನಾ? ಕಚೇರಿ ಕಡೆ ತಲೆ ಹಾಕಿ ಮಲಗಿಲ್ಲ ನಾನು.’

ಪವಿತ್ರಾಳ ಕೈಯಲ್ಲಿದ್ದ ಕವರ್ ಸದ್ದು ಮಾಡಿತು. ನಾನು ಅವಳ ಮುಖ ನೋಡಿದೆ. ಅವಳು ‘ಹೇಳು’ ಅನ್ನುವ ಹಾಗೆ ತಲೆಯಾಡಿಸಿದಳು. ಆಮೇಲೆ ಅವಳೇ ಹೇಳಿದ್ದು, ಅಲ್ಲಿಗೆ ಹೋಗಿ ಸೀಸನ್ ಪೂರ್ತಿ ಸುಳ್ಳಿನ ಮೇಲೆ ಕೂರಲು ತನಗೆ ಆಗುತ್ತಿರಲಿಲ್ಲವಂತೆ.

ವಿವರಿಸಲು ನನಗೆ ಇಂಗ್ಲಿಷ್ ಸಾಲದು, ಧೈರ್ಯವಂತೂ ಮೊದಲೇ ಸಾಲದು. ಗೊತ್ತಿದ್ದ ವಿದ್ಯೆ ಒಂದೇ. ಮುಂದೆ ಬಂದು ಅರ್ಧ ಕೆಮ್ಮು ಕೆಮ್ಮಿದೆ. ‘ಗುಡ್ ಮಾರ್ನಿಂಗ್ ಸಿಸ್ಟರ್ ಮಾರ್ತಾ, ಬಸಪ್ಪ ಸ್ಪೀಕಿಂಗ್. ಮಳೆ ಎಷ್ಟು, ಹೌದೋ ಅಲ್ವೋ!’

ಅಡುಗೆಮನೆಯಿಂದ ಬಸಪ್ಪಣ್ಣನ ಹೆಂಡತಿ ಗೌರಕ್ಕ ಕೂಗಿದರು, ‘ಬಂದೇರೀ! ಕಾಫಿ ಸೋಸೋವರ್ಗೂ ತಡೀಬಾರ್ದಾ, ಒಂದೇ ಸಮ ಕೂಗ್ತೀರಲ್ಲ!’

ಮೊದಲು ನಕ್ಕಿದ್ದು ಪವಿತ್ರ. ಆಮೇಲೆ ಆಡಳಿತಾಧಿಕಾರಿ ಮುಖ ಆ ಕಡೆ ತಿರುಗಿಸಿಕೊಂಡರು, ಭುಜ ಕುಲುಕುತ್ತಿತ್ತು. ಮಾರ್ತಾ ಮಾತ್ರ ನಗಲಿಲ್ಲ. ‘ಯಾಕೆ ಹೀಗೆ ಮಾಡಿದಿರಿ?’ ಅಂತ ಕೇಳಿದರು.

‘ಉತ್ತರ ಕೊಡೋರು ಯಾರೂ ಇರಲಿಲ್ಲ, ಸಿಸ್ಟರ್. ನನ್ನ ಹೆಸರಿನಲ್ಲಿ ಹೇಳಿದ್ರೆ ಯಾರು ಕೇಳ್ತಾರೆ ಅಂದ್ಕೊಂಡೆ.’

ಬಸಪ್ಪಣ್ಣನಿಗೆ ಆಗ ಅರ್ಥವಾಯಿತು. ‘ನನ್ನ ಧ್ವನಿ ಏನು ಊರ ದನದ ದೊಡ್ಡೀನೇನ್ಲಾ, ಕಂಡೋರು ನುಗ್ಗೋಕೆ?’

ಪವಿತ್ರ ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಮಾರ್ತಾ ಬಸಪ್ಪಣ್ಣನ ತೋಳು ಹಿಡಿದರು. ತಮ್ಮ ಊರಲ್ಲೂ ಈ ನಡುವೆ ಮೇಯರ್ ಬದಲಾಗಿದ್ದಾರೆ, ಆದರೆ ತಮ್ಮ ಮೇಜು ಬದಲಾಗಿಲ್ಲ ಅಂದರು. ಆ ಸಂದೇಶಗಳನ್ನು ತಮ್ಮ ಸಂತೆಯಲ್ಲಿ ಮೈಕಿನಲ್ಲಿ ಹಾಕುತ್ತಾರಂತೆ. ಜನ ಮೇಯರ್ ಯಾರು ಅಂತ ಕೇಳುವುದಿಲ್ಲ, ಬ್ರದರ್ ಬಸಪ್ಪನ ಊರಲ್ಲಿ ಮಳೆ ಆಯಿತಾ ಅಂತ ಕೇಳುತ್ತಾರಂತೆ. ಆಮೇಲೆ ಕಣದ ಕಡೆ ಕೈ ತೋರಿಸಿ, ‘ಈ ಧ್ವನಿ ನುಗ್ಗಿದ್ದಕ್ಕೇ ನಿಮ್ಮ ಮೆಣಸು ಒಣಗಿದೆ’ ಅಂದರು.

ಬಸಪ್ಪಣ್ಣ ಮಾಡನ್ನು ನೋಡಿದರು, ಮೆಣಸನ್ನು ನೋಡಿದರು, ನನ್ನನ್ನು ನೋಡಿದರು. ‘ನನ್ನ ಕೆಮ್ಮು ಅಷ್ಟು ಉದ್ದ ಇಲ್ಲ,’ ಅಂದರು.

ಅಷ್ಟು ಹೊತ್ತಿಗೆ ಗೌರಕ್ಕ ತಟ್ಟೆ ಹಿಡಿದು ಬಂದರು. ‘ಇದೆ. ಇನ್ನೂ ಉದ್ದ ಇದೆ.’

ಆಡಳಿತಾಧಿಕಾರಿ ಕಾಫಿ ಕುಡಿದು ಸಹಿ ಹಾಕಿದರು. ಬಸಪ್ಪಣ್ಣನ ಧ್ವನಿ ಕದ್ದದ್ದು ಸಾಕು, ಇನ್ನು ತಮ್ಮದನ್ನು ಕದಿಯಬಾರದು ಅಂತ ನನಗೆ ಎಚ್ಚರಿಕೆಯನ್ನೂ ಕೊಟ್ಟರು. ಒಪ್ಪಂದಕ್ಕೆ ಒಂದು ಮಾತು ಹೊಸದಾಗಿ ಸೇರಿಸಿದರು. ಈ ಕೆಲಸ ಇನ್ನು ಅಧ್ಯಕ್ಷರದ್ದಲ್ಲ. ಅಧ್ಯಕ್ಷರು ಬರಲಿ ಹೋಗಲಿ, ಒಬ್ಬ ಬೆಳೆಗಾರ, ಕ್ಯೂರಿಂಗ್ ವರ್ಕ್ಸಿನ ಒಬ್ಬರು, ಕಚೇರಿಯ ಒಬ್ಬರು ಪ್ರತಿ ಸೋಮವಾರ ಕೂತು ಉತ್ತರ ಕೊಡಬೇಕು. ಶಾಲು, ಹಾರ ಬೇಕಾದರೆ ಆಮೇಲೆ. ಬೆಳೆಗಾರ ಯಾರು ಅಂತ ಕೇಳುವ ಮೊದಲೇ ಬಸಪ್ಪಣ್ಣ ಕೆಮ್ಮಿದರು.

ಪವಿತ್ರ ಹೋಗಿ, ಸೀಸನ್ ಮುಗಿಸಿ ಬಂದು, ಈಗ ಆ ಮೇಜಿನಲ್ಲಿ ಕೂತಿದ್ದಾಳೆ. ನಾನು ತಂದುಕೊಟ್ಟ ಕಾಫಿಯನ್ನು ಉಗಿದು ‘ಹೊಗೆ ವಾಸನೆ’ ಅನ್ನುತ್ತಾಳೆ. ಅವಳು ಅಲ್ಲಿದ್ದಾಗ ಒಂದು ದೂರು ಕಳಿಸಿದ್ದಳು. ಬ್ರದರ್ ಬಸಪ್ಪನಿಗೆ ಹುಷಾರಿಲ್ಲವಾ, ಮೊದಲಿನ ಹಾಗೆ ಮಾತಾಡುತ್ತಿಲ್ಲ ಅಂತ ಸಂತೆಯವರು ಕೇಳುತ್ತಿದ್ದಾರಂತೆ. ಅಲ್ಲಿಂದೀಚೆಗೆ ಬಸಪ್ಪಣ್ಣ ಸೋಮವಾರ ಸ್ವಲ್ಪ ಮೊದಲೇ ಬಂದು, ಬಾಗಿಲು ಹಾಕಿಕೊಂಡು ನನ್ನನ್ನು ಕೇಳುತ್ತಾರೆ, ‘ಹೇಳ್ಲಾ, ನಾನು ಹೆಂಗೆ ನಗ್ತೀನಿ?’

ಊರೂರು ಸಂಬಂಧ ಬೆಳೆಸುವುದು ಹೇಗೆ ಅಂತ ಈಗ ಯಾರು ಕೇಳಿದರೂ ನಾನು ದೊಡ್ಡ ಮನುಷ್ಯನ ಹಾಗೆ ಹೇಳುತ್ತೇನೆ. ಬೋರ್ಡು ಆಮೇಲೆ ನಿಲ್ಲಿಸಿ, ಮೊದಲು ಉತ್ತರ ಕೊಡುವವರನ್ನು ಕೂರಿಸಿ. ಆದರೆ ನನಗೆ ಮರೆಯಲಾಗದ್ದು ಇನ್ನೂ ಒಂದಿದೆ. ಕಳೆದ ತಿಂಗಳು ಬಸಪ್ಪಣ್ಣ ಮದುವೆಗೆ ಅಂತ ಜಿಲ್ಲೆಯ ಇನ್ನೊಂದು ತುದಿಯ ಕರಿಕೆಗೆ ಹೋಗಿದ್ದರು, ಪವಿತ್ರಾಳಿಗೆ ರಜೆ ಇರಲಿಲ್ಲ. ಸೋಮವಾರ ಸಂಜೆ ಫೋನಿನ ಮುಂದೆ ನಾನೊಬ್ಬನೇ. ಅಭ್ಯಾಸಬಲ, ಕೆಮ್ಮು ಗಂಟಲಿಗೆ ಬಂದಿತ್ತು, ನುಂಗಿಕೊಂಡೆ. ನನ್ನದೇ ಧ್ವನಿಯಲ್ಲಿ ‘ಮಳೆ ಎಷ್ಟು?’ ಅಂದು ಕಳಿಸಿದೆ. ಅಷ್ಟು ತೆಳ್ಳಗಿನ ಧ್ವನಿ ನನ್ನದು ಅಂತ ನನಗೇ ಗೊತ್ತಿರಲಿಲ್ಲ.

ತಕ್ಷಣ ಮಾರ್ತಾರ ಉತ್ತರ ಬಂತು. ‘ಯಾರಿದು ಮಾತಾಡ್ತಿರೋದು?’

‘ಲೋಕೇಶ, ಸಿಸ್ಟರ್,’ ಅಂದೆ. ‘ನಮ್ಮಲ್ಲಿ ಮೂವತ್ತು ಸೆಂಟು.’