ಕ್ಲಿಪ್ಪಿನ ಇದಿನಬ್ಬ

ಈ ಕೊಲ್ಲಿ ದೇಶದ ಟುಬ್ಲಿ ಪೇಟೆಯ ಗ್ಯಾರೇಜಿನ ಇದಿನಬ್ಬನಿಗೆ ಯಾವ ಗಾಡಿಯ ಮೇಲೂ ಸಿಟ್ಟಿಲ್ಲ, ಅವಸರ ಮಾಡುವವರ ಮೇಲೆ ಮಾತ್ರ ಸಿಟ್ಟು. ನಮ್ಮ ಕ್ಯಾಂಪರ್ ವ್ಯಾನಿನ ಮಾಡಿನ ರಬ್ಬರು ಪಟ್ಟಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಇಲ್ಲಿಯ ಬಿಸಿಲಿಗೆ ಹಪ್ಪಳದ ಹಾಗೆ ಮುರಿಯುತ್ತವೆ. ವರ್ಷಕ್ಕೊಮ್ಮೆ, ಚಳಿಗಾಲದ ಮಳೆಗೆ ಮೊದಲು, ಅವನು ಅವನ್ನೆಲ್ಲ ಕಿತ್ತು ಹೊಸತು ಹಾಕುತ್ತಾನೆ. ಸುತ್ತಿಗೆ ಮುಟ್ಟುವುದಿಲ್ಲ. ಹೊಸ ಕ್ಲಿಪ್ಪನ್ನು ತನ್ನ ಹಾಲು, ಸಕ್ಕರೆಯಿಲ್ಲದ ಬಿಸಿ ಸುಲೈಮಾನಿ ಚಾದಲ್ಲಿ ಮುಳುಗಿಸಿ ಮೆತ್ತಗೆ ಮಾಡಿ, ಬಿಸ್ಮಿಲ್ಲಾ ಅಂತ ಹೆಬ್ಬೆರಳಲ್ಲಿ ಒತ್ತುತ್ತಾನೆ. ಟಕ್ ಅಂದರೆ ಸರಿ, ಅನ್ನದಿದ್ದರೆ ಅದಕ್ಕೆ ಬ್ಯಾರಿ ಭಾಷೆಯಲ್ಲಿ ಬೈಗಳು. ಕಡೆಗೆ ಅದೇ ಚಾ ಕುಡಿಯುತ್ತಾನೆ. "ಇನ್ನೆಷ್ಟು ಹೊತ್ತು?" ಅಂದರೆ "ಮದುವೆಗೆ ಹೋಗ್ಲಿಕ್ಕುಂಟಾ ಅಕ್ಕ?" ಅನ್ನುತ್ತಾನೆ. ಈ ಸಲ ಸೋರಿದರೆ ಗುಜರಿಗೆ ಅಂತ ಮಗ ರಜತ್ ಹೇಳಿಬಿಟ್ಟಿದ್ದ. ನಮ್ಮ ಯಜಮಾನರೊಟ್ಟಿಗೆ ನಾವು ಇಪ್ಪತ್ತು ಚಳಿಗಾಲ ಸಖೀರಿನ ಮರಳುಗಾಡಲ್ಲಿ ಗಂಜಿ ಬೇಯಿಸಿ ಉಂಡ ಗಾಡಿ ಅದು. ಕೆಲಸ ಮುಗಿದ ಮೇಲೆ ಇದಿನಬ್ಬ ಏಣಿ ಹತ್ತಿ ಮಾಡಿಗೆ ನೀರು ಬಿಡುತ್ತಾನೆ, ಗಾಡಿಯವರು ಒಳಗೆ ಕೂತು ನೋಡಬೇಕು. ನಮ್ಮವರು ತೀರಿಹೋದ ಮೇಲೆ ಮೊದಲ ಸಲ ನಾನು ಕೂತೆ. ನೀರಿನ ಸದ್ದಿನ ಮಧ್ಯೆ ಅವನು ರೂಢಿಯಲ್ಲಿ ಅವರ ಹೆಸರನ್ನೇ ಕೂಗಿದ: "ಜನಾರ್ದನಣ್ಣ, ಸೋರ್ತದಾ?" ಕೂಗಿದವನೇ ಪೈಪು ನಿಲ್ಲಿಸಿದ. ನಾನು ಮೂಲೆ ಮೂಲೆಗೆ ಕೈಯಾಡಿಸಿ ನೋಡಿದೆ, ಎಲ್ಲೂ ಒದ್ದೆಯಿಲ್ಲ. "ಇಲ್ಲ ಮಾರಾಯ, ಇನ್ನೂ ಸ್ವಲ್ಪ ನೀರು ಬಿಡು" ಅಂದೆ, ಅವರು ಹೇಳುತ್ತಿದ್ದ ಹಾಗೆಯೇ.