ಒತ್ತದೆ ಬಿಟ್ಟ ತಂತಿ

ಪಂಚಮಿಗೆ ತವರಿಗೆ ಹೋದ ಹೆಂಡತಿಯನ್ನು ಕರೆದೊಯ್ಯಲು ಬರುವ ಗಂಡಂದಿರು ಆ ಕಾಲಕ್ಕೆ ಒಂದು ಸೀರೆಯನ್ನೋ ಪೇಢೆಯ ಪೊಟ್ಟಣವನ್ನೋ ತರುತ್ತಿದ್ದರು. ನಮ್ಮವರು ಗಿಟಾರು ತಂದರು. ನನಗಲ್ಲ, ತಮಗೆ. ಸೊಲ್ಲಾಪುರದ ಬ್ಯಾಂಡಿನವನೊಬ್ಬನಿಂದ ಅದನ್ನೂ, ಅದರ ಜೊತೆಗೊಂದು ಹಳೆಯ ಇಂಗ್ಲಿಷ್ ಪುಸ್ತಕವನ್ನೂ ಕೊಂಡು, ಹರಕು ಧೋತರದಲ್ಲಿ ಸುತ್ತಿಕೊಂಡು ಹೊರ್ತಿಯ ನಮ್ಮ ಮನೆಗೆ ಬಂದರು. ನಮ್ಮಪ್ಪ ಅದನ್ನು ತಂಬೂರಿ ಎಂದು ತಿಳಿದು, ಅಳಿಯನಿಗೆ ಭಜನೆಯ ಹುಚ್ಚು ಹತ್ತಿತೆಂದು ಹಿಗ್ಗಿದ. ನನ್ನನ್ನು ಕರೆದುಕೊಂಡು ಮರಳುವಾಗ ಇಂಡಿ ಊರಲ್ಲಿ ಬಸ್ಸು ಬದಲಿಸಿದಾಗ ಮುದುಕಿಯೊಬ್ಬಳು ಎದ್ದು ಜಾಗ ಬಿಟ್ಟುಕೊಟ್ಟು, "ಯಾವ ಮಠದವರ್ರೀ ನೀವು?" ಎಂದು ಕೈಮುಗಿದಳು. ಸಿಂದಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನಮ್ಮವರು ಉತ್ತರ ಕೊಡಲಿಲ್ಲ. ಜಾಗ ಮಾತ್ರ ತೆಗೆದುಕೊಂಡರು.

ಸಿಂದಗಿಯಲ್ಲಿ ನಮ್ಮದು ಎರಡು ಖೋಲಿಯ ಬಾಡಿಗೆ ಮನೆ. ಅದರಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಅತ್ತೆಗೆ ಕಿವಿ ಮಂದ ಎಂದು ಎಲ್ಲರೂ ನಂಬಿದ್ದೆವು, ಅವರೂ ನಮ್ಮ ನಂಬಿಕೆಗೆ ಎಂದೂ ಅಡ್ಡಿ ಮಾಡಿರಲಿಲ್ಲ. ಹಿಟ್ಟು ತೀರಿತೆಂದು ಹತ್ತು ಸಲ ಕೂಗಿದರೂ ಕೇಳಿಸುತ್ತಿರಲಿಲ್ಲ.

ಗಿಟಾರನ್ನು ಗೂಟಕ್ಕೆ ತೂಗುಹಾಕಿದ ದಿನವೇ ಕೇಳಿದೆ. "ನಂಗೂ ಒಂದ ಸಲ ಕೊಡ್ರಿ, ನೋಡೂಣು."

"ಹೆಣ್ಮಕ್ಕಳ ಕೈಯಾಗ ಇಂಥಾವು ಉಳಿಯೂದಿಲ್ಲ," ಎಂದರು. "ಮುಟ್ಟಿದಿ ಅಂದ್ರ ಒಯ್ದು ಸಾಲಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ತೇನಿ, ನೋಡು."

ನನಗೆ ಅದು ಬೇಕಿತ್ತು. ಯಾಕೆ ಎಂದರೆ, ತವರಿನಲ್ಲಿ ಬೀಸುವಾಗ ನಾನು ಹಾಡುತ್ತಿದ್ದೆ, ಓಣಿಯವರು ನಿಂತು ಕೇಳುವ ಹಾಗೆ ಹಾಡುತ್ತಿದ್ದೆ. ಗಂಡನ ಮನೆಯಲ್ಲಿ ಬೀಸುಕಲ್ಲು ಇರಲಿಲ್ಲ, ಗಿರಣಿ ಇತ್ತು. ಜೋಳದ ಡಬ್ಬಿ ಹಿಡಿದು ಗಿರಣಿಯ ಮುಂದೆ ಪಾಳಿಗೆ ನಿಂತವರು ಯಾರೂ ಹಾಡುವುದಿಲ್ಲ. ಮದುವೆಯಾದಾಗಿನಿಂದ ನನ್ನ ದನಿಯನ್ನು ನಾನೇ ಕೇಳಿರಲಿಲ್ಲ.

ದಿನಾ ಸಂಜೆ ಸಾಧನೆ ಶುರುವಾಗುತ್ತಿತ್ತು. ಪುಸ್ತಕವನ್ನು ಸ್ಟೂಲಿನ ಮೇಲೆ ತೆರೆದಿಟ್ಟು, ದೇವರ ಮುಂದೆ ಕೂತ ಹಾಗೆ ಕೂರುತ್ತಿದ್ದರು. ಮೂರ್ನಾಲ್ಕು ಸ್ವರ ಒಟ್ಟಿಗೆ ಹೊರಡುವಂತೆ ಬೆರಳು ಹಿಡಿಯುವುದಕ್ಕೆ ಕಾರ್ಡ್ ಎನ್ನುತ್ತಾರಂತೆ. ಅದರಲ್ಲಿ ಎಫ್ ಎನ್ನುವುದೊಂದು ಇವರ ಪ್ರಾಣ ತಿಂದಿತು. ತೋರುಬೆರಳನ್ನು ಅಡ್ಡ ಮಲಗಿಸಿ ತುದಿಯ ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಇವರು ಒತ್ತಿದರೆ ಒಂದು ತಂತಿ ಸುಮ್ಮನಿರುತ್ತಿತ್ತು, ಇನ್ನೊಂದು ಬೆಲ್ಲದ ಡಬ್ಬಿಯಲ್ಲಿ ಸಿಕ್ಕ ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಬೆರಳ ತುದಿಗೆ ಬೊಬ್ಬೆ ಬಂದು, ತುಪ್ಪ ಹಚ್ಚು ಎಂದು ನನ್ನ ಮುಂದೆ ಕೈ ಚಾಚುತ್ತಿದ್ದರು. ಅಂಥ ನೋವಿನಲ್ಲೂ ದೊಡ್ಡ ಮಾತಿಗೆ ಬರವಿರಲಿಲ್ಲ.

"ಇದೇನ ಮಹಾ ಅಲ್ಲ. ಮೇಜರ್ ಸೆವೆಂತ್ ಅಂತ ಐತಿ. ಸ, ಗ, ಪ ಕೂಡಿಸಿ ಮ್ಯಾಲೆ ನಿ ಇಡೂದು. ಅದಕ್ಕ ವರ್ಷಗಟ್ಟಲೆ ತಪಸ್ಸು ಬೇಕು."

"ಹೌದ್ರಿ," ಎನ್ನುತ್ತ ನಾನು ತುಪ್ಪ ಹಚ್ಚುತ್ತಿದ್ದೆ.

ಮಧ್ಯಾಹ್ನ ತಪಸ್ವಿಗಳು ಸಾಲಿಯಲ್ಲಿರುತ್ತಿದ್ದರು. ಅತ್ತೆ ಹೊರಗೆ ಕಟ್ಟೆಯ ಮೇಲೆ ಕೂತು ಕುಟ್ಟಾಣಿಯಲ್ಲಿ ಎಲೆ-ಅಡಿಕೆ ಕುಟ್ಟುತ್ತಿದ್ದರು. ನಾನು ಬಾಗಿಲು ಮುಂದಕ್ಕೆ ಎಳೆದು ಗಿಟಾರು ಇಳಿಸುತ್ತಿದ್ದೆ. ತಂತಿ ನನ್ನ ಬೆರಳಿಗೆ ಏನೂ ಮಾಡಲಿಲ್ಲ. ಏನು ಮಾಡೀತು? ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಹೊರಳಿಸಿದ ಬೆರಳುಗಳು ಅವು. ಬೊಬ್ಬೆ ಏಳುವ ಕಾಲ ಎಂದೋ ಮುಗಿದಿತ್ತು. ನಮ್ಮವರು ಸೊಲ್ಲಾಪುರಕ್ಕೆ ಹೋಗುವ ಮೊದಲು ಒಂದು ತಿಂಗಳು ಒಲೆಯ ಮುಂದೆ ಕೂತಿದ್ದರೆ ಸಾಕಿತ್ತು.

ಪುಸ್ತಕದ ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ, ಚಿತ್ರ ಮಾತ್ರ ನೋಡುತ್ತಿದ್ದೆ. ಎಫ್‌ನ ಚಿತ್ರದಲ್ಲಿ ಬೆರಳಿಡುವ ಚುಕ್ಕೆಗಳಿದ್ದವು. ತುದಿಯ ಎರಡು ತಂತಿಗಳ ಮೇಲೆ ಒಂದು ಡೊಂಕು ಗೆರೆಯೂ ಇತ್ತು. ಅದು ಬೆರಳು ಮಲಗಿಸುವ ಗುರುತು ಎಂದು ನನಗೆ ಯಾರು ಹೇಳಬೇಕು? ಹಳೆಯ ಪುಸ್ತಕ, ಮಸಿ ಬಳಿದಿದೆ ಎಂದುಕೊಂಡೆ. ಮೂರು ಬೆರಳು ಇಟ್ಟೆ, ಎಲ್ಲಕ್ಕಿಂತ ತೆಳ್ಳಗಿನ ಕೊನೆಯ ತಂತಿಯನ್ನು ಒತ್ತದೆ ಬಿಟ್ಟೆ. ಬಾರಿಸಿದೆ.

ಆ ನಾದ ಬಂದಾಗ ನನ್ನ ಮೈ ಜುಮ್ಮೆಂದಿತು. ಹೊಸ್ತಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವ ಬೀಗರ ಹಾಗಿತ್ತು ಅದು. ಮುಗಿಯಿತು ಎಂದೂ ಅನ್ನುತ್ತಿರಲಿಲ್ಲ, ಇನ್ನೂ ಇದೆ ಎಂದೂ ಅನ್ನುತ್ತಿರಲಿಲ್ಲ. ಬೀಸುವ ಪದವೊಂದನ್ನು ಸಣ್ಣ ದನಿಯಲ್ಲಿ ಹಾಡಿ ಅದರ ಕೊನೆಗೆ ಈ ನಾದ ಇಟ್ಟೆ. ಬಹಳ ದಿನಗಳ ಮೇಲೆ ನನಗೆ ಅಳು ಬಂತು. ಸುಖದ ಅಳು. ಅಂದಿನಿಂದ ದಿನಾ ಹಾಗೆಯೇ ಹಾಡಿ ಹಾಗೆಯೇ ಮುಗಿಸತೊಡಗಿದೆ. ನಾನು ಬಾರಿಸುವಾಗ ಹೊರಗೆ ಕುಟ್ಟಾಣಿಯ ಸದ್ದು ನಿಲ್ಲುತ್ತಿತ್ತು. ಮುದುಕಿ ಕೂತಲ್ಲೇ ತೂಕಡಿಸುತ್ತದೆ ಎಂದು ನಾನು ನಿಶ್ಚಿಂತಳಾಗಿದ್ದೆ.

ಚಳಿಗಾಲದಲ್ಲಿ ಸಾಲಿಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತು. ನಮ್ಮವರು ಸ್ಟೇಜಿನ ಮೇಲೆ ಗಿಟಾರು ಬಾರಿಸಿ ಹಾಡುವುದೆಂದು ಹೆಡ್‌ಮಾಸ್ತರರು ಗೊತ್ತು ಮಾಡಿದರು. ಇವರು ಉಬ್ಬಿ ಹೋಗಿ, "ಗ್ಯಾದರಿಂಗ್ ಆದ ಮ್ಯಾಲೆ ಇದು ಸಾಲ್ಯಾಗ ಇರತೈತಿ. ಹುಡುಗರಿಗೆ ಕಲಿಸ್ತೇನಿ," ಎಂದು ಸಾರಿದರು. ಎಫ್ ಬಾರದ ಗುರುಗಳು! ನನಗೆ ನಗು ಬರಬೇಕಿತ್ತು, ಬರಲಿಲ್ಲ. ನನ್ನ ಮಧ್ಯಾಹ್ನಗಳು ಕಪಾಟು ಸೇರುವುದರಲ್ಲಿದ್ದವು, ಮತ್ತು ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಒಳಗೆ ಆ ನೊಣ ಗುಂಯ್‌ಗುಟ್ಟುತ್ತಲೇ ಇತ್ತು. ತಡೆಯಲಾಗದೆ ಅಂದುಬಿಟ್ಟೆ. "ಆ ತುದಿ ತಂತಿ ಒತ್ತಬ್ಯಾಡ್ರಿ. ಬಿಟ್ಟ ಬಿಡ್ರಿ ಅದನ್ನ."

"ರೊಟ್ಟಿ ಹೊತ್ತಾಕತ್ತೈತಿ. ಅದನ್ನ ನೋಡು ನೀ," ಎಂದರು. ಆದರೆ ತಂತಿ ಬಿಟ್ಟರು. ನಾದ ಸ್ವಚ್ಛವಾಗಿ ಬಂತು. ಗಡಿಬಿಡಿಯಿಂದ ಪುಸ್ತಕದ ಕೊನೆಯ ಹಾಳೆಗಳನ್ನು ತಿರುವಿದರು. ಅಲ್ಲಿ ಅದೇ ಚಿತ್ರವಿತ್ತು, ಡೊಂಕು ಗೆರೆ ಮಾತ್ರ ಇರಲಿಲ್ಲ.

"ಮೇಜರ್ ಸೆವೆಂತ್!" ಎಂದು ಅಡುಗೆಮನೆಗೆ ಓಡಿ ಬಂದರು. "ನೋಡಿದ್ಯಾ, ನನಗ ತಾನಾಗೇ ಬಂತು!"

"ಹೌದ್ರಿ," ಎಂದೆ. ರೊಟ್ಟಿ ನಿಜಕ್ಕೂ ಹೊತ್ತಿತ್ತು.

ಗ್ಯಾದರಿಂಗ್ ದಿನ ಹೆಣ್ಣುಮಕ್ಕಳ ಕಡೆಯ ಜಮಖಾನದಲ್ಲಿ ಅತ್ತೆ ಎಲ್ಲರನ್ನೂ ದೂಡಿಕೊಂಡು ಮುಂದೆ ಕೂತರು. ಪಕ್ಕದಲ್ಲಿ ನಾನು. ಮುದ್ದೇಬಿಹಾಳದಿಂದ ಸಾಹೇಬರೊಬ್ಬರು ಅತಿಥಿಯಾಗಿ ಬಂದಿದ್ದರು. ನಮ್ಮವರು ಹಾಡಿದರು. ಸಂಗೀತದ ಮಾಸ್ತರರು ತಬಲಾ ಹಿಡಿದಿದ್ದರು. ಹಾಡು ಹೇಗೋ ದಡ ಮುಟ್ಟಿತು. ತಾವು ಕಂಡುಹಿಡಿದ ಆ ಮಹಾ ನಾದವನ್ನೇ ಕೊನೆಗೆ ಬಾರಿಸಿ, ತಲೆ ಎತ್ತಿ ಮುಗುಳ್ನಕ್ಕರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜೀವಮಾನವೆಲ್ಲ ಭಜನೆ ಕೇಳಿದ ಮಂದಿ. ಹಾಡು ಸ ಎನ್ನುವ ಷಡ್ಜಕ್ಕೆ ಬಂದು ಕೂರುವವರೆಗೆ ಅವರ ಪಾಲಿಗೆ ಅದು ಮುಗಿಯುವುದಿಲ್ಲ. ಇಲ್ಲಿ ನಿಷಾದ, ಆ ಕೊನೆಯ ನಿ, ಮೇಲೆ ತೂಗಾಡುತ್ತಿತ್ತು. ತಬಲಾ ಮಾಸ್ತರರ ಕೈ ಗಾಳಿಯಲ್ಲೇ ನಿಂತಿತ್ತು. ಸಾಹೇಬರು ಎರಡೂ ಅಂಗೈ ಅಗಲಿಸಿಕೊಂಡು ಕಾದಿದ್ದರು. ನಮ್ಮವರು ಗಾಬರಿಯಾಗಿ ಇನ್ನೊಮ್ಮೆ ಅದನ್ನೇ ಬಾರಿಸಿದರು. ಇನ್ನೊಂದು ನುಡಿ ಬಾಕಿ ಇದೆ ಎಂದು ಜನ ಸರಿಯಾಗಿ ಕೂತರು. ನಮ್ಮವರ ಹಣೆಯ ಬೆವರು ನನಗೆ ಕೂತಲ್ಲಿಂದ ಕಾಣುತ್ತಿತ್ತು. ಅಯ್ಯೋ ಪಾಪ ಎನಿಸಿತು, ನಿಜವಾಗಿ.

ಆಗ ನಮ್ಮ ಕಿವುಡ ಅತ್ತೆ ಎದ್ದು ನಿಂತರು.

"ಮುಗೀತ್ರೆಪಾ! ಚಪ್ಪಾಳಿ ಹೊಡೀರಿ! ನಮ್ಮ ಸೊಸಿ ದಿನಾ ಮಧ್ಯಾಹ್ನ ಹಿಂಗ ಮುಗಸ್ತಾಳ. ಇವಗಿಂತ ಚಲೋ ಮುಗಸ್ತಾಳ!"

ಬಿತ್ತು ನೋಡಿ ಚಪ್ಪಾಳೆ, ಮಂಟಪ ಹಾರಿ ಹೋಗುವ ಹಾಗೆ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಕಾರ್ಯಕ್ರಮ ಮುಗಿದ ಮೇಲೆ ಹೆಡ್‌ಮಾಸ್ತರರು ಕೇಳಿದರು, "ಗಿಟಾರ ಕಪಾಟಿನ್ಯಾಗ ಇಡಸ್ಲೇನ್ರಿ?" ನಮ್ಮವರು ತಾಯಿಯ ಕಡೆ ನೋಡಿದರು. ಅತ್ತೆಗೆ ಮತ್ತೆ ಏನೂ ಕೇಳಿಸದಾಗಿತ್ತು. ಆಮೇಲೆ ನನ್ನ ಕಡೆ ನೋಡಿದರು, ನನಗಿಂತ ಹೆಚ್ಚಾಗಿ ನನ್ನ ಬೆರಳುಗಳನ್ನು.

"ಬ್ಯಾಡ್ರಿ ಸರ್," ಎಂದರು. "ಮನ್ಯಾಗ ಬೇಕಾಗ್ತೈತಿ."

ಮನೆಯ ದಾರಿಯಲ್ಲಿ ಬಜಾರಿಗೆ ಬಂದಾಗ, "ಬೆರಳ ಉರ್ಯಾಕತ್ತಾವು. ಹಿಡಕೋ," ಎಂದು ಗಿಟಾರನ್ನು ನನ್ನ ಕೈಗೆ ಕೊಟ್ಟರು. ಧೋತರ ಸುತ್ತಿರಲಿಲ್ಲ. ಅಂಗಡಿಯವರೆಲ್ಲ ನೋಡುತ್ತಿರಲು ಅದನ್ನು ಹಾಗೆಯೇ ಎದೆಗೊತ್ತಿ ಹಿಡಿದು ಮನೆತನಕ ನಡೆದೆ.