ಹಮೀದನ ಬಲಬದಿ

ಬೆಳಗ್ಗೆ ವಾಕಿಂಗ್ ಹೊರಟವನು ಬಂಟ್ವಾಳದ ನಮ್ಮ ಹಳೆಯ ಕಾಲೇಜಿನ ಮೈದಾನದ ಹತ್ತಿರ ಬಂದಾಗ ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಬಗ್ಗಿ ಗೆರೆ ಎಳೆಯುತ್ತಿದ್ದರು. ನಾಳೆ ಮೂಡುಬಿದಿರೆಯವರೊಂದಿಗೆ ಫುಟ್ಬಾಲ್ ಅಂತೆ. ಕೇಳಿದ್ದೇ ತಡ, ಡಾಕ್ಟರರ ಮಾತ್ರೆಗೂ ಬಗ್ಗದೆ ನನ್ನ ರಕ್ತದೊತ್ತಡ ಏರಿತು. ನಗಬೇಡಿ. ಈ ವಿಷಯದಲ್ಲಿ ನಾನೊಬ್ಬ ಮಾಜಿ ಪ್ರವಾದಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಟಗಾರನಲ್ಲ. ಒಂದೇ ಒಂದು ಸಲ ಮೈದಾನಕ್ಕಿಳಿದು, ಬೆನ್ನಿಗೆ ಬಡಿದ ಚೆಂಡನ್ನು ನಮ್ಮದೇ ಗೋಲಿನೊಳಗೆ ಸೇರಿಸಿ, ಎದುರಾಳಿಗಳ ಕೃತಜ್ಞತೆಗೆ ಪಾತ್ರನಾಗಿ ನಿವೃತ್ತನಾದವನು. ಆಮೇಲೆ ಭವಿಷ್ಯ ಹೇಳುವ ಕೆಲಸ ಹಿಡಿದೆ. ಮೂಡುಬಿದಿರೆಯ ಪಂದ್ಯಕ್ಕೆ ಒಂದು ವಾರ ಇರುವಾಗಲೇ ಕ್ಯಾಂಟೀನಿನಲ್ಲಿ ಗೋಳಿಬಜೆ ಕಚ್ಚುತ್ತ, ನಾಲ್ಕಕ್ಕೆ ಸೊನ್ನೆ ಎಂದು ಘೋಷಿಸುತ್ತಿದ್ದೆ. ನಾಲ್ಕು ಯಾವಾಗಲೂ ನಮ್ಮದು. "ಅವರಿಗೆ ಬಸದಿಯಲ್ಲಿ ಸಾವಿರ ಕಂಬ ಇರಲಿ ಮಾರಾಯ, ನಮಗೆ ಗೋಲಿನ ಎರಡು ಕಂಬ ಸಾಕು" ಎಂಬ ನನ್ನ ಮಾತು ಆ ವರ್ಷ ಬಹಳ ಪ್ರಸಿದ್ಧವಾಗಿತ್ತು. ಪ್ರಸಿದ್ಧಿ ಕ್ಯಾಂಟೀನಿನ ಬಾಗಿಲಿನವರೆಗೆ.

ಆ ಎರಡು ಕಂಬಗಳ ನಡುವೆ ನಿಲ್ಲುತ್ತಿದ್ದವನು ಪಾಣೆಮಂಗಳೂರಿನ ಹಮೀದ್. ತಂದೆಗೆ ಪೇಟೆಯಲ್ಲಿ ಒಣಮೀನಿನ ಅಂಗಡಿ. ಚೆಂಡು ಅವನ ಎಡಕ್ಕೆ ಬಂದರೆ ಗಿಡುಗ ಕೋಳಿಮರಿಗೆ ಎರಗಿದ ಹಾಗೆ ಎರಗುತ್ತಿದ್ದ. ಬಲಕ್ಕೆ ಬಂದರೆ ಮಾತ್ರ ಯಾರೋ ಪರಿಚಯದವರು ಬಸ್ಸಿನಲ್ಲಿ ಹೋಗುತ್ತಿದ್ದಾರೆ ಎಂಬಂತೆ ನಿಂತು ನೋಡುತ್ತಿದ್ದ. ಈ ಸಂಗತಿಯನ್ನು ಇಡೀ ಕಾಲೇಜು ಮನೆಯ ಗುಟ್ಟಿನಂತೆ ಕಾಪಾಡಿಕೊಂಡು ಬಂದಿತ್ತು.

ಪಂದ್ಯ ಬುಧವಾರ. ಅದರ ಹಿಂದಿನ ಭಾನುವಾರ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದರು. ಬೆಳ್ತಂಗಡಿ ಕಡೆಯಿಂದ ಅದಾಗಲೇ ಮೂವರು ಬಂದು, ಕಾಫಿ ಕುಡಿದು, ಕಾಗದ ಬರೆಯುತ್ತೇವೆ ಎಂದು ಹೋದವರು ಬರೆದಿರಲಿಲ್ಲ. ಅಮ್ಮ ಸೊರಗಿದ್ದಳು. ಈ ಸಲದ ಹುಡುಗ ಮೂಡುಬಿದಿರೆಯ ಕಾಲೇಜಿನಲ್ಲೇ ಲೆಕ್ಚರರ್ ಎಂದು ತಿಳಿದ ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, "ನೀನು ಇವತ್ತು ಬಾಯಿ ತೆರೆಯುವುದು ಉಪ್ಪಿಟ್ಟು ತಿನ್ನಲಿಕ್ಕೆ ಮಾತ್ರ" ಎಂದರು.

ಉಪ್ಪಿಟ್ಟು ಬೇಗ ಮುಗಿಯಿತು. ಹುಡುಗ ಮರ್ಯಾದೆಗೆಂದು, "ಬುಧವಾರ ಮ್ಯಾಚಿಗೆ ಬರ್ತೀರಾ?" ಎಂದು ನನ್ನನ್ನು ಕೇಳಿದರು.

"ನಿಮ್ಮವರು ಸೋಲುವುದನ್ನು ನೋಡ್ಲಿಕ್ಕೆ ಬರ್ಲೇಬೇಕಲ್ಲ" ಎಂದೆ. ಅಪ್ಪ ಕೆಮ್ಮಿದರು. ನನಗೆ ಕೇಳಿಸಲಿಲ್ಲ. "ನಮ್ಮ ಹಮೀದ್ ಇರುವಾಗ ಚೆಂಡು ಬಿಡಿ, ಒಂದು ನೊಣ ಒಳಗೆ ಹೋಗುವುದಿಲ್ಲ."

ಅಷ್ಟರಲ್ಲಿ ಕಾಫಿಯ ತಟ್ಟೆ ಹಿಡಿದು ಬಂದ ಅಕ್ಕ, ತಲೆ ತಗ್ಗಿಸಿಕೊಂಡೇ, "ಎಡಬದಿಯಲ್ಲಿ ಹೋಗುವುದಿಲ್ಲ. ಬಲಬದಿಯಲ್ಲಿ ನೊಣ ಎಂತ, ಎಮ್ಮೆ ಬೇಕಾದರೂ ಹೋದೀತು" ಎಂದಳು.

ಹುಡುಗನ ತಾಯಿ ಎತ್ತಿದ ಲೋಟವನ್ನು ಕೆಳಗಿಟ್ಟರು. ಅಪ್ಪ ಕಣ್ಣು ಮುಚ್ಚಿಕೊಂಡರು. ಹುಡುಗ ಮೊದಲ ಸಲ ಅಕ್ಕನ ಮುಖ ನೋಡಿ, "ನಿಮಗೆ ಹೇಗೆ ಗೊತ್ತು?" ಎಂದರು.

"ಟೈಪಿಂಗ್ ಕ್ಲಾಸಿನ ಕಿಟಕಿಯಿಂದ ಮೈದಾನ ಕಾಣ್ತದೆ."

ಎರಡು ವರ್ಷ ಕಲಿತರೂ ಅವಳ ಟೈಪಿಂಗ್ ಯಾಕೆ ಸುಧಾರಿಸಲಿಲ್ಲ ಎಂಬುದು ಮನೆಯವರಿಗೆಲ್ಲ ಆ ಕ್ಷಣ ಗೊತ್ತಾಯಿತು. ಹುಡುಗ ಗಟ್ಟಿಯಾಗಿ ನಕ್ಕರು. ಹೊರಡುವಾಗ ಅವರ ತಾಯಿ ಮಾತ್ರ ನಗದೆ, "ಕಾಗದ ಬರೆಯುತ್ತೇವೆ" ಎಂದರು.

ನಾನು ಅಡುಗೆಮನೆಗೆ ನುಗ್ಗಿದೆ. "ಕಾಲೇಜನ್ನೇ ಮಾರಿಬಿಟ್ಟೆಯಲ್ಲ ಅಕ್ಕ! ಅವರು ಹೋಗಿ ಟೀಮಿಗೆ ಹೇಳುವುದಿಲ್ವಾ?"

"ಹೇಳುವವರಾದರೆ ಈಗಲೇ ಗೊತ್ತಾಗುವುದು ಒಳ್ಳೆಯದೇ" ಎಂದಳು, ಲೋಟ ತೊಳೆಯುತ್ತ. "ಮೂರು ಜನ ಬಂದು ಕಾಫಿ ನೋಡಿ ಹೋದರು. ಇವರಾದರೂ ನನ್ನನ್ನು ನೋಡಲಿ ಅನ್ನಿಸಿತು."

ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಆದರೆ ನನಗಾಗ ಕಾಣುತ್ತಿದ್ದದ್ದು ಹಮೀದನ ಬಲಬದಿ ಒಂದೇ. ಸೈಕಲ್ ಹತ್ತಿ ಸೇತುವೆ ದಾಟಿ ಪಾಣೆಮಂಗಳೂರಿಗೆ ಹೋದೆ. ಎಲ್ಲವನ್ನೂ ಹೇಳಿ, ಯಾರಿಗೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿದೆ.

"ಹಾಗಾದರೆ ಬುಧವಾರ ಎಲ್ಲ ಬಲಕ್ಕೇ ಬರ್ತದಲ್ಲ ಮಾರಾಯ" ಎಂದ ಹಮೀದ್. ಎರಡು ದಿನ ನೇತ್ರಾವತಿಯ ದಡದ ಹೊಯಿಗೆಯಲ್ಲಿ ಬಲಕ್ಕೆ ಹಾರಿದ, ಬಿದ್ದ, ಮತ್ತೆ ಹಾರಿದ. ಚೆಂಡು ಎಸೆದವನು ನಾನು. ಮಂಗಳವಾರ ಸಂಜೆಯ ಹೊತ್ತಿಗೆ ಅವನ ಮೊಣಕೈಯಲ್ಲಿ ಚರ್ಮವೇ ಉಳಿದಿರಲಿಲ್ಲ. ಬಲಬದಿ ಮಾತ್ರ ಕೋಟೆಯಾಗಿತ್ತು.

ಬುಧವಾರ ಮೂಡುಬಿದಿರೆಯಲ್ಲಿ ಅವರು ಎರಡು ಗೋಲು ಹೊಡೆದರು. ಎರಡೂ ಎಡಕ್ಕೆ. ಎರಡು ಸಲವೂ ಹಮೀದ್ ಚೆಂಡು ಹೊರಡುವ ಮೊದಲೇ ಬಲಕ್ಕೆ ಹಾರಿ, ಮಣ್ಣಿನಲ್ಲಿ ಮಲಗಿ, ಕುತ್ತಿಗೆ ಹೊರಳಿಸಿ ನನ್ನನ್ನೇ ಹುಡುಕಿದ. ನಾನು ಎದುರಿನವನ ಕೊಡೆಯ ಹಿಂದೆ ಕೂತೆ.

ಆಟ ಮುಗಿದ ಮೇಲೆ ಹುಡುಗ ಜನರ ನಡುವೆ ದಾರಿ ಮಾಡಿಕೊಂಡು ನನ್ನಲ್ಲಿಗೆ ಬಂದರು. ಗೆದ್ದವರ ಮುಖವಾಗಿರಲಿಲ್ಲ ಅದು. "ನಾನು ಯಾರಿಗೂ ಹೇಳಲಿಲ್ಲ. ಬಂಟ್ವಾಳಕ್ಕೆ ಹೋಗಿ ಬಂದಿರಲ್ಲ, ಅವರ ಗೋಲ್‌ಕೀಪರ್ ಹೇಗೆ ಅಂತ ಕೋಚು ಎರಡು ಸಲ ಕೇಳಿದರು, ಗೊತ್ತಿಲ್ಲ ಅಂದೆ. ಮತ್ತೆ ನಿಮ್ಮ ಗೋಲ್‌ಕೀಪರ್ ಯಾಕೆ ಹಾಗೆ ಮಾಡಿದ?"

ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದೆ.

"ಅಕ್ಕನಿಗೆ ಹೇಳಿ, ನಾನು ಹೇಳಲಿಲ್ಲ ಅಂತ" ಎಂದು ಹೊರಟುಹೋದರು. ಅದನ್ನು ಮಾತ್ರ ನಾನು ಅಕ್ಷರ ತಪ್ಪದೆ ಮುಟ್ಟಿಸಿದೆ. ಅಕ್ಕ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಮುಂದಿನ ವಾರ ಕಾಗದ ಬಂತು. ಅಕ್ಷರ ಹುಡುಗನ ತಾಯಿಯದ್ದೇ.

ಇವತ್ತು ವಾಕಿಂಗಿನಿಂದ ಬಂದವನು ಭಾವನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಹೇಗೋ ಹೊರಗೆ ಬಿತ್ತು. "ಭಾವ, ಆ ವರ್ಷ ಹಮೀದನಿಗೆ ಹೇಳಿಕೊಟ್ಟು ಹಾಳು ಮಾಡಿದ್ದು ನಾನು. ನಿಮ್ಮನ್ನು ನಂಬಲಿಲ್ಲ."

"ಗೊತ್ತುಂಟು" ಎಂದರು ಭಾವ. "ಮದುವೆಯ ದಿನ ಊಟಕ್ಕೆ ಕೂತಾಗ ಹಮೀದನೇ ಹೇಳಿದ."

"ಮತ್ತೆ ಇಷ್ಟು ವರ್ಷ ನೀವು ಒಂದು ಮಾತು ಆಡಲಿಲ್ಲವಲ್ಲ?"

"ನಿನ್ನ ಅಕ್ಕನ ಬಾಯಿ ಹಾಗೆ, ನಿನ್ನದು ಹೀಗೆ. ಕುಟುಂಬದಲ್ಲಿ ಗುಟ್ಟು ಇಟ್ಟುಕೊಳ್ಳುವವ ಒಬ್ಬನಾದರೂ ಬೇಡವಾ ಮಾರಾಯ?"

ನಾಳೆಯ ಆಟಕ್ಕೆ ಅಕ್ಕ, ಭಾವ ಇಬ್ಬರೂ ಬರುತ್ತಾರಂತೆ. ನಾನು ಮೂಡುಬಿದಿರೆಯವರ ಬದಿಯಲ್ಲಿ, ಭಾವನ ಪಕ್ಕದಲ್ಲೇ ಕೂರುತ್ತೇನೆ. ಚಪ್ಪಾಳೆ ಮಾತ್ರ ತಟ್ಟುವುದಿಲ್ಲ.